ಗಾಳಿಗೆ ಎದೆಯೊಡ್ಡುವ ಗೋಪುರಗಳು

ಸರ್ಕಾರದ ಪರವಾನಗಿ ಪಡೆದು, ಮನೆಯಿಂದಲೇ ದೂರದವರೊಡನೆ ಬಾನುಲಿಯಲ್ಲಿ ಮಾತನಾಡುವವರನ್ನು ಹವ್ಯಾಸಿ ಬಾನುಲಿಗರು ಎನ್ನುತ್ತಾರೆ. 2004ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿ ಸಂಪರ್ಕ ಕಡಿದಾಗ ಅಲ್ಲಿಂದ ಸುದ್ದಿ ಮುಟ್ಟಿಸಿದವರಲ್ಲಿ ಇವರೂ ಇದ್ದರು. ಆಪತ್ಕಾಲದಲ್ಲಿ ನೆರವಾಗಬೇಕಾದ ಆಂಟೆನಾ ಬಿರುಗಾಳಿಗೆ ತಾನೇ ಉರುಳಬಾರದಷ್ಟೆ.

ಆಂಟೆನಾ ಎತ್ತರದಲ್ಲಿದ್ದರೆ ಅಲೆಗಳು ಕಟ್ಟಡಗಳನ್ನೂ ಮರಗಳನ್ನೂ ದಾಟಿ ದೂರ ಸಾಗುತ್ತವೆ. ಆದರೆ ಎತ್ತರ ಹೆಚ್ಚಿದಂತೆ ಗಾಳಿಯ ಹೊಡೆತವೂ ಹೆಚ್ಚುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಇದನ್ನು ಎದುರಿಸಲು ಎರಡು ಬಗೆಯ ಗೋಪುರಗಳಿವೆ.

ಮೊದಲನೆಯದು ತಂತಿಗಳಿಂದ ಬಿಗಿದ ಗೋಪುರ. ಜಾತ್ರೆಯ ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಹಿಡಿದು ನಿಲ್ಲಿಸುವಂತೆ, ತೆಳುವಾದ ಈ ಗೋಪುರವನ್ನು ಮೂರು ದಿಕ್ಕಿನ ಉಕ್ಕಿನ ತಂತಿಗಳು ಹಿಡಿದಿರುತ್ತವೆ. ಗಾಳಿ ಬೀಸಿದಾಗ ಅದು ಬರುವ ಕಡೆಯ ತಂತಿ ಬಿಗಿಯಾಗಿ ಗೋಪುರವನ್ನು ತಡೆಯುತ್ತದೆ. ಇದಕ್ಕೆ ಉಕ್ಕು ಕಡಿಮೆ ಸಾಕು. ಸ್ಥಳ ಮಾತ್ರ ಹೆಚ್ಚು ಬೇಕು. 20 ಮೀಟರ್ ಗೋಪುರದ ತಂತಿಗಳನ್ನು ಸಾಮಾನ್ಯವಾಗಿ ಬುಡದಿಂದ 12ರಿಂದ 16 ಮೀಟರ್ ದೂರದಲ್ಲಿ ನೆಲಕ್ಕೆ ಬಿಗಿಯುತ್ತಾರೆ.

ಎರಡನೆಯದು ಸ್ವಾವಲಂಬಿ ಗೋಪುರ. ಬೇರೂರಿದ ಮರದಂತೆ ಇದು ತನ್ನ ಬುಡದ ಬಲದಿಂದಲೇ ನಿಲ್ಲುತ್ತದೆ. 1889ರಲ್ಲಿ ಪೂರ್ಣಗೊಂಡ ಪ್ಯಾರಿಸ್ಸಿನ ಐಫೆಲ್ ಗೋಪುರ ಇದಕ್ಕೆ ನಿದರ್ಶನ. ಇದಕ್ಕೆ ಸ್ಥಳ ಕಡಿಮೆ ಸಾಕು. ಆದರೆ ಹೆಚ್ಚು ಉಕ್ಕೂ ಭಾರವಾದ ಕಾಂಕ್ರೀಟಿನ ತಳಪಾಯವೂ ಬೇಕು.

ಕಲಬುರಗಿಯ ಸೂಪರ್ ಮಾರ್ಕೆಟ್‌ನಂತಹ ಜನನಿಬಿಡ ಪೇಟೆಯಲ್ಲಿ ತಂತಿಗಳನ್ನು ಹರಡಲು ಎಡೆಯೆಲ್ಲಿ? ಅಲ್ಲಿ ಸ್ವಾವಲಂಬಿ ಗೋಪುರವೇ ಲೇಸು. ಅದನ್ನು ಮಾಳಿಗೆಯ ಮೇಲೆ ನಿಲ್ಲಿಸುವುದಾದರೆ ಆ ಕಟ್ಟಡ ಅದರ ಭಾರವನ್ನೂ ಗಾಳಿಯ ಸೆಳೆತವನ್ನೂ ತಾಳಬಲ್ಲುದೇ ಎಂದು ಎಂಜಿನಿಯರರು ಪರೀಕ್ಷಿಸಬೇಕು. ಕಮಲಾಪುರದ ಕಡೆಯ ಬಯಲು ಹೊಲಗಳಲ್ಲಾದರೆ ತಂತಿಯ ಗೋಪುರ ಅಗ್ಗವಾಗುತ್ತದೆ. ಆದರೆ ಎರೆಭೂಮಿಯಲ್ಲಿ ಎಚ್ಚರಿಕೆ ಅಗತ್ಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆಳವಿಲ್ಲದ ತಳಪಾಯವನ್ನು ಅದು ಅಲುಗಿಸುತ್ತದೆ.

ತಂತಿಯ ಗೋಪುರದ ಬಲವೆಲ್ಲ ತಂತಿಯಲ್ಲಿಯೇ ಇದೆ. ಪೋಲೆಂಡಿನ ಕಾನ್‌ಸ್ಟಾಂಟಿನೋವ್‌ನಲ್ಲಿದ್ದ 646 ಮೀಟರ್ ಎತ್ತರದ ಬಾನುಲಿ ಕಂಬ ಒಂದು ಕಾಲಕ್ಕೆ ಜಗತ್ತಿನಲ್ಲಿಯೇ ಅತ್ಯಂತ ಎತ್ತರವಾದ ರಚನೆಯಾಗಿತ್ತು. 1991ರಲ್ಲಿ ತಂತಿಗಳನ್ನು ಬದಲಿಸುವ ಕಾರ್ಯ ನಡೆದಿದ್ದಾಗ ಅದು ಕುಸಿದುಬಿತ್ತು. ಆದುದರಿಂದ ತಂತಿಯ ಬಿಗಿತವನ್ನೂ ತುಕ್ಕನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕು. ಗೋಪುರ ಯಾವುದೇ ಆಗಿರಲಿ, ಅದು ಉರುಳಿದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ದೂರದಲ್ಲಿರಬೇಕು. ದೂರದವರೊಡನೆ ಮಾತನಾಡುವ ಹಂಬಲವು ನೆರೆಯವರ ಪ್ರಾಣಕ್ಕೆ ಎರವಾಗಬಾರದು.