ಸ್ಥಾವರ ಜಾಲ, ಜಂಗಮ ಕಣ

ಹರಿಯುವ ಹೊಳೆಯನ್ನು ಅರಿಯಲು ಎರಡು ಮಾರ್ಗಗಳುಂಟು. ದಡದಲ್ಲಿ ಒಂದೆಡೆ ನಿಂತು, ಎದುರಿಗೆ ಹಾದುಹೋಗುವ ನೀರನ್ನು ಅಳೆಯುವುದು ಒಂದು. ದೋಣಿಯೇರಿ ನೀರಿನೊಡನೆಯೇ ಸಾಗುತ್ತ ಅದರ ಗತಿಯನ್ನು ಗುರುತಿಸುವುದು ಇನ್ನೊಂದು. ಪಾಶ್ಚಾತ್ಯ ಗಣಿತಜ್ಞರು ಮೊದಲನೆಯದಕ್ಕೆ ಆಯ್ಲರನ ಹೆಸರನ್ನೂ ಎರಡನೆಯದಕ್ಕೆ ಲಗ್ರಾಂಜನ ಹೆಸರನ್ನೂ ಇಟ್ಟಿದ್ದಾರೆ. ಸ್ಥಾವರ-ಜಂಗಮಗಳ ಭೇದವನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಮಗೆ ಈ ವಿಭಾಗ ಹೊಸದೆನಿಸದು. ನೀರಿನಲ್ಲಿ ಕರಗಿದ ವಸ್ತುವಿನ ಸಾಗಣೆಯನ್ನು ಲೆಕ್ಕ ಹಾಕಲು ಜಂಗಮ ಮಾರ್ಗವು ಏಕೆ ಬೇಕಾಯಿತೆಂಬುದನ್ನು, ವಿಜ್ಞಾನಾಧ್ಯಾಪಕ ಮಿತ್ರರ ನೆರವಿನಿಂದ ತಿಳಿದಷ್ಟು, ಇಲ್ಲಿ ನಿವೇದಿಸುತ್ತೇನೆ.

1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಕೃಷಿ ರಾಸಾಯನಿಕಗಳ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಿತು. ಬೆಂಕಿಯಾರಿಸಲು ಸುರಿದ ನೀರು ವಿಷವನ್ನು ಹೊತ್ತು ರೈನ್ ನದಿಗಿಳಿಯಿತು. ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು. ಕೆಳಗಣ ಊರುಗಳವರು ನದಿಯಿಂದ ಕುಡಿಯುವ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಅಂಥ ವೇಳೆಯಲ್ಲಿ ಉಳಿಯುವುದು ಎರಡೇ ಪ್ರಶ್ನೆ: ವಿಷವು ನಮ್ಮೂರಿಗೆ ಎಂದು ಬಂದೀತು? ಬಂದಾಗ ಅದರ ಸಾಂದ್ರತೆ ಎಷ್ಟಿದ್ದೀತು?

ಹರವಿಗೆ ಹೋಲಿಸಿದರೆ ಆಳ ಕಡಿಮೆಯಾದ ಪ್ರವಾಹಗಳನ್ನು ವಿವರಿಸುವ ಸಮೀಕರಣಗಳನ್ನು ಫ್ರಾನ್ಸಿನ ಸ್ಯಾಂ-ವೆನಾಂ 1871ರಲ್ಲಿ ಪ್ರಕಟಿಸಿದನು. ಅವನ್ನು ಗಣಕಯಂತ್ರದಿಂದ ಬಿಡಿಸಲು ನದಿಯ ಮೇಲೆ ಚೌಕಮನೆಗಳ ಸ್ಥಿರ ಜಾಲವೊಂದನ್ನು ಕಲ್ಪಿಸುವುದು ರೂಢಿ. ತೊಡಕಿರುವುದು ಇಲ್ಲಿಯೇ. ಒಂದು ಮನೆಯಲ್ಲಿ 100 ಪಾಲು ವಿಷವಿದೆ, ನೀರು ಒಂದು ಹೆಜ್ಜೆಗೆ ಅರ್ಧ ಮನೆಯಷ್ಟು ಸಾಗುತ್ತದೆ ಎನ್ನೋಣ. ಸರಳವಾದ ಜಾಲಕ್ರಮವು ಪ್ರತಿ ಹೆಜ್ಜೆಗೂ ಮನೆಯಲ್ಲಿರುವುದರ ಅರ್ಧವನ್ನು ಮುಂದಿನ ಮನೆಗೆ ದಾಟಿಸುತ್ತದೆ. ಮೊದಲ ಹೆಜ್ಜೆಗೆ 50, 50; ಎರಡನೆಯದಕ್ಕೆ 25, 50, 25. ನಿಜವಾದ ಹರಡುವಿಕೆ ಇಲ್ಲವೆಂದು ಇಟ್ಟುಕೊಂಡರೆ, ವಾಸ್ತವವಾಗಿ 100 ಪಾಲೂ ಒಟ್ಟಾಗಿಯೇ ಒಂದು ಮನೆ ಮುಂದೆ ಸರಿದಿರಬೇಕಷ್ಟೆ. ನದಿಯು ಮಾಡದುದನ್ನು ಲೆಕ್ಕವು ಮಾಡಿತು! ಇದಕ್ಕೆ ಸಂಖ್ಯಾತ್ಮಕ ವಿಸರಣವೆಂದು ಹೆಸರು. ಇದರ ಫಲವಾಗಿ ವಿಷದ ಮುಂಚೂಣಿ ಬೇಗ ಬಂದಂತೆಯೂ ಅದರ ಶಿಖರ ತಗ್ಗಿದಂತೆಯೂ ತೋರುತ್ತದೆ. ಶಿಖರವನ್ನು ತಗ್ಗಿಸಿ ಹೇಳುವುದೆಂದರೆ ಕೆಳಗಣ ಊರಿಗೆ ಹುಸಿ ಧೈರ್ಯ ಹೇಳಿದಂತೆ.

ಕಣಕ್ರಮದಲ್ಲಿ ಜಾಲವೇ ಇಲ್ಲ. 1977ರಲ್ಲಿ ಲೂಸಿ ಎಂಬ ವಿಜ್ಞಾನಿ ಪ್ರತ್ಯೇಕವಾಗಿಯೂ, ಗಿಂಗೋಲ್ಡ್ ಮತ್ತು ಮೊನಘನ್ ಎಂಬವರು ಜೊತೆಗೂಡಿಯೂ ಇದನ್ನು ನಕ್ಷತ್ರಗಳ ಅಧ್ಯಯನಕ್ಕಾಗಿ ರೂಪಿಸಿದರು; ಜಲಶಾಸ್ತ್ರಕ್ಕೆ ಇದು ಬಂದುದು ಆಮೇಲೆ. ಇಲ್ಲಿ ನೀರನ್ನು ಸಾವಿರಾರು ಕಣಗಳ ಸಮೂಹವೆಂದು ಭಾವಿಸುತ್ತಾರೆ. ಆಳ ಕಡಿಮೆಯಾದ ಪ್ರವಾಹದಲ್ಲಿ ಒಂದೊಂದು ಕಣವೂ ತಳದಿಂದ ಮೇಲ್ಮೈವರೆಗಿನ ಒಂದು ನೀರ ಕಂಬ. ಕಣಗಳು ಒತ್ತಾಗಿ ನೆರೆದಲ್ಲಿ ಆಳ ಹೆಚ್ಚು, ವಿರಳವಾದಲ್ಲಿ ಕಡಿಮೆ, ಕಣವೇ ಇಲ್ಲದಲ್ಲಿ ಒಣನೆಲ. ಪ್ರತಿಯೊಂದು ಕಣವೂ ತನ್ನ ಪಾಲಿನ ವಿಷವನ್ನು ತಾನೇ ಹೊತ್ತು ನೀರಿನ ವೇಗದಲ್ಲಿ ಸಾಗುವುದರಿಂದ, ಬರಿಯ ಸಾಗಣೆಯಿಂದ ಶಿಖರವು ತಗ್ಗುವ ಪ್ರಮೇಯವಿಲ್ಲ.

ಹಾಗಾದರೆ ನದಿಯಲ್ಲಿ ನಿಜವಾಗಿಯೇ ನಡೆಯುವ ವಿಸರಣದ ಗತಿಯೇನು? ವಸ್ತುವು ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಹರಡುವ ನಿಯಮವನ್ನು ಅಡಾಲ್ಫ್ ಫಿಕ್ 1855ರಲ್ಲಿ ನಿರೂಪಿಸಿದನು. ಅದರಂತೆ ನೆರೆಹೊರೆಯ ಕಣಗಳು ಸಾಂದ್ರತೆಯ ಅಂತರಕ್ಕೆ ತಕ್ಕಂತೆ ತಮ್ಮೊಳಗೆ ಕೊಟ್ಟು ಕೊಳ್ಳುತ್ತವೆ. ಹತ್ತಿರದ ಕಣಕ್ಕೆ ಹೆಚ್ಚಿನ ತೂಕ, ದೂರದ್ದಕ್ಕೆ ಕಡಿಮೆ, ಗೊತ್ತುಮಾಡಿದ ಎಲ್ಲೆಯಾಚೆಗೆ ಸೊನ್ನೆ. ಒಂದು ಕೊಟ್ಟುದನ್ನೇ ಇನ್ನೊಂದು ಪಡೆಯುವುದರಿಂದ ಒಟ್ಟು ಮೊತ್ತದಲ್ಲಿ ಲೋಪವಾಗದು.

ಈ ಕ್ರಮವೂ ದೋಷಮುಕ್ತವಲ್ಲ. ಹೆಜ್ಜೆಹೆಜ್ಜೆಗೂ ಪ್ರತಿಯೊಂದು ಕಣದ ನೆರೆಯನ್ನು ಹುಡುಕಬೇಕಾದುದರಿಂದ ಗಣಕಯಂತ್ರದ ಶ್ರಮ ಹೆಚ್ಚು. ಕಣಗಳು ತೀರ ವಿರಳವಾದಲ್ಲಿಯೂ ದಡದ ಅಂಚಿನಲ್ಲಿಯೂ ನಿಖರತೆ ಕುಂದುತ್ತದೆ. ಜಾಲಕ್ರಮದವರೂ ಹುಸಿ ವಿಸರಣವನ್ನು ತಗ್ಗಿಸುವ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಹೊಳೆಯ ಆಳ-ವೇಗಗಳ ಅಳತೆಯೇ ತಪ್ಪಿದ್ದರೆ ಯಾವ ಕ್ರಮವೂ ನಮ್ಮನ್ನು ಕಾಯದು.

ಅಧ್ಯಾಪಕರಾದ ನಾವು ಮಕ್ಕಳಿಗೆ ಲೆಕ್ಕ ಬಿಡಿಸುವುದನ್ನು ಕಲಿಸುತ್ತೇವೆ. ಬಂದ ಉತ್ತರದಲ್ಲಿ ನದಿಯ ಮಾತೆಷ್ಟು, ನಮ್ಮ ಲೆಕ್ಕದ ಮಾತೆಷ್ಟು ಎಂದು ಕೇಳುವ ವಿವೇಕವನ್ನೂ ಅದರೊಡನೆ ಕಲಿಸಬೇಕು. ಕೆಳಗಣ ಊರಿನವರು ನೀರು ಕುಡಿಯಬೇಕೋ ಬೇಡವೋ ಎಂಬುದು ಆ ಒಂದು ಪ್ರಶ್ನೆಯನ್ನು ಅವಲಂಬಿಸಿರುತ್ತದೆ.