ಮೀನು ಕರಗಿಸುವ ಯಂತ್ರದ ಆರೈಕೆ

ಮೀನಾಗಲಿ, ಫಿಶ್‌ಮೀಲ್ ಆಗಲಿ, ಅದರಲ್ಲಿರುವ ಪ್ರೋಟೀನ್ ಅಳೆಯಲು ಮೊದಲು ಅದನ್ನು ಕಾದ ಗಂಧಕಾಮ್ಲದಲ್ಲಿ ಪೂರ್ತಿ ಕರಗಿಸಬೇಕು. ಆ ಕೆಲಸ ಡೈಜೆಷನ್ ಯೂನಿಟ್‌ನದು. ಗಾಜಿನ ಕೊಳವೆಗಳನ್ನು ಇಳಿಬಿಡುವ ಕುಳಿಗಳುಳ್ಳ, ಸುಮಾರು 420 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಲೋಹದ ಬ್ಲಾಕ್, ಮೇಲೆ ಹೊಗೆ ಹೀರುವ ಮುಚ್ಚಳ, ಪಕ್ಕದಲ್ಲಿ ಆ ಹೊಗೆಯನ್ನು ಕ್ಷಾರದಲ್ಲಿ ತೊಳೆಯುವ ಸ್ಕ್ರಬ್ಬರ್: ಇಷ್ಟೇ ಅದರ ಅಂಗಾಂಗ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ಈ ವಿಧಾನವನ್ನು 1883ರಲ್ಲಿ ಪ್ರಕಟಿಸಿದ್ದು ಬಿಯರ್ ತಯಾರಿಕೆಯ ಧಾನ್ಯಗಳಿಗಾಗಿ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದ ಮಂಗಳೂರಿನಲ್ಲಿ ಅದು ಸಲ್ಲುವುದು ಬೂತಾಯಿ, ಬಂಗುಡೆಗಳಿಗೆ. ಕರಗಿಸಿದ್ದನ್ನು ಬಟ್ಟಿ ಇಳಿಸಿ, ಟೈಟ್ರೇಷನ್ನಿನಿಂದ ಅಳೆದಾಗ ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಫಿಶ್‌ಮೀಲಿನ ಬೆಲೆ ನಿಲ್ಲುವುದು ಆ ಅಂಕಿಯ ಮೇಲೆ. ಶೇ 65 ಪ್ರೋಟೀನ್ ಇರುವ ಮಾಲಿನ ಸಾರಜನಕದಲ್ಲಿ ನೂರಕ್ಕೆ ಮೂರು ಪಾಲು ತಪ್ಪಿಸಿಕೊಂಡರೂ ವರದಿಯಲ್ಲಿ ಬರುವುದು ಶೇ 63.

ದಿನದ ತಪಾಸಣೆ ಕೊಳವೆಯಿಂದ ಶುರು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ಗೀರು, ಬಿರುಕು ನೋಡಬೇಕು. ಸಂಶಯ ಬಂದದ್ದನ್ನು ತೆಗೆದಿಡಬೇಕು. ಬಿಸಿ ಕೊಳವೆಯನ್ನು ಒದ್ದೆ ಕಲ್ಲಿನ ಮೇಲೆ ಇಡಬಾರದು. ಮುಚ್ಚಳದ ಗ್ಯಾಸ್ಕೆಟ್ ಗಡುಸಾಗಿದ್ದರೆ ಹೊಗೆ ಹೊರಗೆ ಸೋರುತ್ತದೆ. ಹೀರುವಿಕೆ ಅತಿಯಾದರೂ ತೊಂದರೆಯೇ: ಕೊಳವೆಯ ಆಮ್ಲ ಆವಿಯಾಗಿ ಕಡಿಮೆಯಾಗುತ್ತದೆ, ಉಳಿದ ದ್ರಾವಣದ ಉಷ್ಣತೆ ಏರುತ್ತದೆ, ಸಾರಜನಕ ಹಾರಿಹೋಗುತ್ತದೆ. ಸ್ಕ್ರಬ್ಬರಿನ ಕ್ಷಾರದಲ್ಲಿ ಬೆರೆಸಿದ ಸೂಚಕ ಬಣ್ಣ ಬದಲಿಸಿತೆಂದರೆ ಕ್ಷಾರವನ್ನೇ ಬದಲಿಸುವ ಹೊತ್ತು.

ಬೂತಾಯಿಗೆ ಇಲ್ಲಿ ಪ್ರತ್ಯೇಕ ಗಮನ ಬೇಕು. ಕರಗುವಾಗ ಕೊಬ್ಬು ಅಷ್ಟೇ ತೂಕದ ಪ್ರೋಟೀನಿಗಿಂತ ಸುಮಾರು ಎರಡರಷ್ಟು ಆಮ್ಲ ನುಂಗುತ್ತದೆ, ನೊರೆಯೂ ಉಕ್ಕುತ್ತದೆ. ಎಣ್ಣೆ ತುಂಬಿದ ಮೀನಿಗೆ ಎಂದಿನ ಅಳತೆಯ ಆಮ್ಲ ಸಾಲದೆ ಹೋದರೆ ಯಂತ್ರ ಸರಿಯಿದ್ದೂ ಫಲಿತಾಂಶ ತಪ್ಪುತ್ತದೆ. ವೇಗವರ್ಧಕವಾಗಿ ತಾಮ್ರದ ಸಲ್ಫೇಟ್ ಬಳಸಿದಾಗ ಕಪ್ಪು ದ್ರಾವಣ ತಿಳಿಯಾದ ಹಸಿರು-ನೀಲಿಗೆ ತಿರುಗುತ್ತದೆ. ಬಣ್ಣ ತಿಳಿಯಾದ ಕೂಡಲೇ ಉರಿ ಆರಿಸುವಂತಿಲ್ಲ; ಗಟ್ಟಿ ಅಮೈನೋ ಆಮ್ಲಗಳು ಒಡೆಯಲು ಇನ್ನಷ್ಟು ಹೊತ್ತು ಕಾಯಿಸಬೇಕು.

ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚುವ ರೀತಿಯೇ ಈ ಆರೈಕೆಯ ಸೊಗಸಾದ ಭಾಗ. ಸಾರಜನಕ ಎಷ್ಟೆಂದು ಮೊದಲೇ ಗೊತ್ತಿರುವ ಶುದ್ಧ ವಸ್ತುಗಳನ್ನು ಮೀನಿನ ಜಾಗದಲ್ಲಿಟ್ಟು ಯಂತ್ರವನ್ನೇ ಪರೀಕ್ಷೆಗೆ ಕೂರಿಸುವುದು ಅದರ ಕ್ರಮ. ಅಮೋನಿಯಂ ಸಲ್ಫೇಟನ್ನು ಕಾಯಿಸದೆ ನೇರ ಬಟ್ಟಿ ಇಳಿಸಿದಾಗ ಮರಳಿ ಸಿಗುವ ಸಾರಜನಕ, ಅಂದರೆ ರಿಕವರಿ, ಶೇ 99ಕ್ಕಿಂತ ಕಡಿಮೆ ಬಂದರೆ ದೋಷ ಬಟ್ಟಿ ಇಳಿಸುವ ಯಂತ್ರದ್ದು ಅಥವಾ ಟೈಟ್ರೇಷನ್ನಿನದು. ಅಲ್ಲಿ ಸರಿಬಂದು, ಅದನ್ನೇ ಸಕ್ಕರೆಯೊಂದಿಗೆ ಆಮ್ಲದಲ್ಲಿ ಕಾಯಿಸಿದಾಗ ಶೇ 99 ಮುಟ್ಟದಿದ್ದರೆ ಬ್ಲಾಕಿನಲ್ಲಿ ಸಾರಜನಕ ಹಾರಿಹೋಗುತ್ತಿದೆ. ಅದೂ ಸರಿಬಂದು, ಸುಲಭಕ್ಕೆ ಒಡೆಯದ ಟ್ರಿಪ್ಟೊಫಾನ್ ಅಥವಾ ಲೈಸಿನ್ ಶೇ 98 ಮುಟ್ಟದಿದ್ದರೆ ಕಾವೋ ಸಮಯವೋ ಸಾಲುತ್ತಿಲ್ಲ. ಹೀಗೆ ಒಂದು ತಿರುಪನ್ನೂ ಬಿಚ್ಚದೆ ರೋಗದ ಜಾಗ ತಿಳಿಯುತ್ತದೆ. ಜೊತೆಗೆ ಮಾದರಿಯಿಲ್ಲದ ಬ್ಲಾಂಕ್ ಪ್ರತಿ ಸರದಿಯಲ್ಲೂ ಇರಬೇಕು. ಅದರ ಅಂಕಿ ಏರಿದರೆ ರಾಸಾಯನಿಕದಲ್ಲೋ ಗಾಜಿನಲ್ಲೋ ಕಲಬೆರಕೆಯಿದೆ ಎಂದರ್ಥ.

ಬ್ಲಾಕಿನ ಪರದೆ ತೋರಿಸುವ ಉಷ್ಣತೆಯನ್ನು ಆಗಾಗ ಬೇರೊಂದು ಥರ್ಮೋಕಪಲ್‌ನಿಂದ ಅಳೆದು ನೋಡಬೇಕು. ಅಂಚಿನ ಕುಳಿಗಳು ನಡುವಿನವುಗಳಷ್ಟು ಕಾಯದಿರಬಹುದು. ಕಡಲ ಉಪ್ಪುಗಾಳಿ, 3,000 ಮಿಲಿಮೀಟರ್ ದಾಟುವ ಮಳೆ, ಆಮ್ಲದ ಹೊಗೆ ಮೂರೂ ಕೂಡುವ ಮಂಗಳೂರಿನಲ್ಲಿ ತಾಮ್ರದ ಸಂಪರ್ಕಗಳಿಗೆ ಕಿಲುಬು, ಸ್ಕ್ರೂಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಪ್ಲಗ್ ತೆಗೆದು, ಬ್ಲಾಕ್ ಆರಿದ ಮೇಲೆಯೇ ಒರೆಸುವ ಕೆಲಸ. ಜೂನ್, ಜುಲೈಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ವಾರ್ಷಿಕ ದುರಸ್ತಿಗೆ ಅದೇ ಅನುಕೂಲದ ಕಾಲ.

ಬೊಂಡಾಸಿನಲ್ಲಿ (ಸ್ಕ್ವಿಡ್) ಕ್ಯಾಡ್ಮಿಯಂ ಅಳೆಯಲು ಕರಗಿಸುವ ಯಂತ್ರವೇ ಬೇರೆ: ನೈಟ್ರಿಕ್ ಆಮ್ಲ, ಮುಚ್ಚಿದ ಪಾತ್ರೆ, ಮೈಕ್ರೋವೇವ್ ಕಾವು. ಐರೋಪ್ಯ ಒಕ್ಕೂಟದ ಮಿತಿ ಕಿಲೋಗೆ 1 ಮಿಲಿಗ್ರಾಂ. ಅಲ್ಲಿ ಒತ್ತಡ ತಡೆಯುವ ಪಾತ್ರೆ ಮತ್ತು ಮುಚ್ಚಳಗಳ ಸವೆತವೇ ಮುಖ್ಯ ತಪಾಸಣೆ.

ಆಮ್ಲವಿಲ್ಲದೆ ಕೆಲವೇ ನಿಮಿಷಗಳಲ್ಲಿ ಸಾರಜನಕ ಅಳೆಯುವ ದಹನ ಯಂತ್ರಗಳು ಈಗ ಬಂದಿವೆ. ಬೆಳಕಿನಿಂದ ಪ್ರೋಟೀನ್ ಅಂದಾಜಿಸುವ ಯಂತ್ರಗಳೂ ಇವೆ. ಈ ಎರಡನೆಯವಕ್ಕೆ ಲೆಕ್ಕ ಕಲಿಸಲು ಹಲವೆಡೆ ಇಂದಿಗೂ ಬೇಕಾಗುವುದು ಕೆಲ್ಡಾಲ್ ಅಂಕಿಗಳೇ. ಗ್ಯಾಸ್ಕೆಟ್ ಬದಲಿಸಿದ ತಾರೀಕು, ತೆಗೆದಿಟ್ಟ ಕೊಳವೆ, ರಿಕವರಿಯ ಶೇಕಡಾವಾರು ಮಾಲಿನ ವರದಿಗೆ ಬರುವುದಿಲ್ಲ, ಲಾಗ್‌ಬುಕ್ಕಿನಲ್ಲೇ ಉಳಿಯುತ್ತವೆ. ಹೊಸ ಯಂತ್ರ ಕೊಳ್ಳುವಾಗ ಆ ಲಾಗ್‌ಬುಕ್ ಬರೆದಿಟ್ಟವರ ಅನುಭವಕ್ಕೂ ಲೆಕ್ಕದಲ್ಲಿ ಒಂದು ಸಾಲು ಸಿಗಬೇಕಿತ್ತು.