ತಿದ್ದಿಸಿಕೊಳ್ಳುವ ವಿನಯ

ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಪೊಲ್ಲೋಸನೆಂಬ ಅಲೆಕ್ಸಾಂದ್ರಿಯದ ಪಂಡಿತನ ಪ್ರಸಂಗವೊಂದಿದೆ. ವಾಗ್ಮಿಯೂ ಶಾಸ್ತ್ರಪಾರಂಗತನೂ ಆದ ಈತನು ಎಫೆಸದ ಸಭಾಮಂದಿರದಲ್ಲಿ ಧೈರ್ಯದಿಂದ ಉಪದೇಶಿಸುತ್ತಿದ್ದರೂ, ಯೋಹಾನನು ಮಾಡಿಸಿದ ಸ್ನಾನದೀಕ್ಷೆಯಿಂದಾಚೆಗೆ ಏನನ್ನೂ ಅರಿತವನಲ್ಲ. ಅದನ್ನು ಕೇಳುತ್ತ ಕುಳಿತಿದ್ದ ಪ್ರಿಸ್ಕಿಲ್ಲ ಮತ್ತು ಅಕ್ವಿಲರೆಂಬ ದಂಪತಿಗಳು, ಗುಡಾರ ಮಾಡಿ ಜೀವಿಸುವ ಕಸುಬಿನವರು, ನೆರೆದವರ ನಡುವೆ ಎದ್ದು ಆಕ್ಷೇಪಿಸದೆ, ಅವನನ್ನು ತಮ್ಮೊಡನೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನಷ್ಟು ನಿಷ್ಕೃಷ್ಟವಾಗಿ ವಿವರಿಸಿದರು. ಅದಕ್ಕೆ ಪಂಡಿತನು ಏನೆಂದನೆಂಬುದನ್ನು ಗ್ರಂಥಕರ್ತನು ಬರೆದಿಲ್ಲ. ಮುಂದೆ ಅವನು ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಬಹಳ ನೆರವಾದನೆಂದಷ್ಟೇ ಹೇಳುತ್ತಾನೆ. ಹೆಚ್ಚಿಗೆ ಆಯ್ದುತಂದ ಅಕ್ಕಿಯನ್ನು ಹಿಂದಕ್ಕೆ ಸುರಿದುಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ನಾಡಿನವರಾದ ನಮಗೆ ಈ ಕಥೆ ಅಪರಿಚಿತವೆನಿಸಲಾರದು.

ತಿದ್ದುವವನಿಗೂ ಕ್ರಿಸ್ತನು ನಿಯಮವಿಟ್ಟಿದ್ದಾನೆ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಪ್ರಕಾರ, ತಪ್ಪಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಬೇಕು. ಅವನು ಕೇಳದಿದ್ದರೆ ಇನ್ನೊಬ್ಬಿಬ್ಬರೊಡನೆ. ಸಭೆಯ ಮುಂದಿಡುವುದು ತದನಂತರ. ವ್ಯವಹಾರದಲ್ಲಿ ಮೂರನೆಯದೇ ಮೊದಲಾಗಿಬಿಡುವುದರಿಂದ, ತಪ್ಪಿತಸ್ಥನ ವಿನಯಕ್ಕಿಂತ ಮುಂಚೆ ಅವನ ಮಾನವೇ ಕದನಕ್ಕೆ ನಿಲ್ಲುತ್ತದೆ.

ವ್ಯಕ್ತಿಗೇ ಕಷ್ಟವಾದ ಈ ಗುಣ ಸಂಸ್ಥೆಗೆ ಸಾಧ್ಯವೆ? 1919ರಲ್ಲಿ ತರಂಗಂಬಾಡಿಯಲ್ಲಿ ಮೊದಲಾದ ಐಕ್ಯದ ಮಾತುಕತೆಯು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ ಫಲಿಸಲು ಇಪ್ಪತ್ತೆಂಟು ವರ್ಷಗಳು ಬೇಕಾದವು. ಬಿಷಪ್ಪರ ಹಸ್ತದಿಂದಲ್ಲದ ದೀಕ್ಷೆಯನ್ನು ಪೂರ್ಣವೆಂದು ಎಣಿಸದ ಆಂಗ್ಲಿಕನ್ನರೂ, ಬಿಷಪ್ಪರೆಂದರೆ ಅಧಿಕಾರದ ದರ್ಪವೆಂದು ಶಂಕಿಸುತ್ತಿದ್ದ ಲಂಡನ್ ಮಿಷನ್ನಿನ ಪರಂಪರೆಯವರೂ, ಇವರ ನಡುವಿನ ವೆಸ್ಲಿಯನ್ನರೂ ಒಬ್ಬರ ಕೊರತೆಯನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳಬೇಕಾಯಿತು. ಕೊನೆಗೆ, ಅದುವರೆಗೆ ದೀಕ್ಷೆ ಪಡೆದ ಎಲ್ಲ ಬೋಧಕರನ್ನೂ ಪುನರ್ದೀಕ್ಷೆಯಿಲ್ಲದೆ ಅಂಗೀಕರಿಸುವುದೆಂದೂ, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕದ್ದೆಂದೂ ಒಡಂಬಟ್ಟರು. ಎಲ್ಲರೂ ಮಣಿಯಲಿಲ್ಲ, ನಂದ್ಯಾಲದ ಕಡೆಯ ಆಂಗ್ಲಿಕನ್ನರು ಬಹುಕಾಲ ಹೊರಗೇ ಉಳಿದರು. ಅವರನ್ನು ಹಟಮಾರಿಗಳೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಮನಸ್ಸು ಒಪ್ಪದೆ ತಲೆ ಬಾಗಿಸುವುದು ವಿನಯವೆನಿಸದು.

ಬೆಂಗಳೂರಿನ ಜಯನಗರ ಬಡಾವಣೆ ಮೊದಲಾದದ್ದು 1948ರಲ್ಲಿ, ಐಕ್ಯದ ಮರುವರ್ಷ. ಆದಕಾರಣ ಅಲ್ಲಿಯೂ ಅದರ ಸುತ್ತಲೂ ತರುವಾಯ ಬಂದು ನೆಲೆಸಿದ ಈ ಸಭೆಯ ಕುಟುಂಬಗಳ ಎಳೆಯರಿಗೆ, ಲಂಡನ್ ಮಿಷನ್ನಿನವರು, ವೆಸ್ಲಿಯನ್ನರು ಎಂಬ ಹಳೆಯ ಭೇದ ಅಜ್ಜ ಅಜ್ಜಿಯರ ಮಾತಿನಲ್ಲಿ ಕೇಳಿಬರುವ ಸಂಗತಿಯಷ್ಟೆ. ಆದರೆ ಆ ಕಾಲದ ಒಂದು ಗುರುತು ಆರಾಧನೆಯಲ್ಲಿ ಉಳಿದಿದೆ. 1950ರ ಪ್ರಭುಭೋಜನದ ಕ್ರಮದಲ್ಲಿ, ಸಿರಿಯನ್ ಕ್ರೈಸ್ತರ ಪದ್ಧತಿಯನ್ನನುಸರಿಸಿ, ಸಮಾಧಾನವನ್ನು ಹಂಚುವ ವಿಧಿಯೊಂದನ್ನು ಸೇರಿಸಿದರು: ಕೊಡುವವನು ತನ್ನ ಬಲಗೈಯನ್ನು ಪಡೆಯುವವನ ಬಲಗೈಗೆ ಚಾಚಿ ಹೊಂದಿಸುತ್ತಾನೆ, ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಬೋಧಕರಿಂದ ಹೊರಟ ಇದು ಸಾಲಿನಿಂದ ಸಾಲಿಗೆ ಸಾಗುತ್ತದೆ. ಪಕ್ಕದಲ್ಲಿರುವವನು ಕಳೆದ ವಾರ ಸಮಿತಿಯಲ್ಲಿ ನಮ್ಮ ಲೆಕ್ಕದ ತಪ್ಪನ್ನು ತೋರಿಸಿಕೊಟ್ಟವನೇ ಆಗಿದ್ದರೂ ಕೈ ಹಿಂದೆಗೆಯುವಂತಿಲ್ಲ. ವಿಧಿಯ ಸ್ಥಾನವೂ ಯೋಚಿಸಿ ಇಟ್ಟದ್ದು. ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನೊಡನೆ ಒಂದಾಗು ಎಂಬ ಕ್ರಿಸ್ತನ ಆಜ್ಞೆಗೆ ಅನುಸಾರವಾಗಿ, ಕಾಣಿಕೆಯನ್ನು ತರುವುದಕ್ಕೆ ಮುಂಚೆಯೇ ಅದು ನಡೆಯುತ್ತದೆ.